ಬಂಡೆ ಸಾಲಿನ ಮೇಲೆ ‘ರೈಲುಬಡಿ’

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಬೇತಂಚೆರ್ಲ ಬಂಡೆಗಳ ಸಾಲು. ಎದೆಮಟ್ಟದ ಬಂಡೆಗಳನ್ನು ಒಂದರ ಪಕ್ಕ ಒಂದು ನೆಲಕ್ಕೆ ಊರಿ ನಿಲ್ಲಿಸಿದ್ದಾರೆ, ಅಷ್ಟೆ. ಗಾರೆಯಿಲ್ಲ, ಸಿಮೆಂಟಿಲ್ಲ. ಎರಡು ಬಂಡೆಗಳ ನಡುವೆ ಒಂದು ಕೈ ತೂರುವಷ್ಟು ಸಂದು. ಆ ಸಂದಿನಲ್ಲಿ ಇಷ್ಟು ವರ್ಷ ಏನೇನೋ ದಾಟಿದೆ: ಹೆಪ್ಪಿಗೆ ಮಜ್ಜಿಗೆ, ಕರಿಬೇವು, ಕರೆಂಟ್ ಬಿಲ್ಲು, ಮದುವೆ ಕಾಗದ. ಒಗ್ಗಾಣಿ–ಮಿರ್ಚಿಯ ತಟ್ಟೆ ಮಾತ್ರ ಮೇಲಿನಿಂದ ಬರುತ್ತದೆ. ಈ ಬೇಸಿಗೆ ಆ ಸಂದಿನಲ್ಲಿ ಪುಸ್ತಕಗಳು ದಾಟಿದವು. ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ಮೇ ತಿಂಗಳ ಆದೋನಿಯನ್ನು ಬಲ್ಲವರಿಗೆ ಬಿಸಿಲಿನ ವರ್ಣನೆ ಬೇಕಿಲ್ಲ. ಕೋಟೆ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ರಾತ್ರಿ ಎಂಟರ ತನಕ ಆ ಕಾವನ್ನು ಊರಿನ ಮೇಲೆ ಬಿಡುತ್ತಲೇ ಇರುತ್ತವೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ, ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕೂತರೆ ಮಾತ್ರ ಜೀವಕ್ಕೆ ಸಮಾಧಾನ. ನಾನು ಹತ್ತಿ ಮಂಡಿಯಲ್ಲಿ ಲೆಕ್ಕ ಬರೆದು ಬರೆದು ಈಗ ಮನೆಯಲ್ಲಿ ಕೂತವನು. ಸಂಜೆ ಆರಕ್ಕೆ ಮಂಚ ನನ್ನದು. ಬೇಲಿಯ ಆ ಕಡೆಯ ಕಟ್ಟೆ ಮಕ್ಕಳದು.

ಮಕ್ಕಳು ನಾಲ್ವರು. ಪಕ್ಕದ ಮನೆಯ ಹುಡುಗಿ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಒಂಬತ್ತು ಮುಗಿಸಿದವಳು. ಅವಳ ಸೋದರಮಾವನ ಮಗ ಕೊಟ್ಟೂರಿನಿಂದ ರಜೆಗೆ ಬಂದವನು. ಎದುರು ಓಣಿಯ ಹುಡುಗ ಮನೆಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುವವನು. ಮೂರು ಭಾಷೆ ಆಡುತ್ತೇನೆಂಬ ಅರಿವೂ ಅವನಿಗಿಲ್ಲ, ನಮ್ಮೂರಿನಲ್ಲಿ ಅದು ಅಷ್ಟು ಸಹಜ. ನಾಲ್ಕನೆಯವಳು ಕೋಸಿಗಿ ಕಡೆಯ ಹಳ್ಳಿಯವಳು, ಹಿಂದಿನ ಬೀದಿಯ ಚಿಗವ್ವನ ಮನೆಯಲ್ಲಿರುತ್ತಾಳೆ. ಮಾತು ಕಡಿಮೆ. ಅವಳ ವಿಷಯ ಆಮೇಲೆ ಹೇಳುತ್ತೇನೆ, ಯಾಕಂದರೆ ಅವಳು ಮಾತಾಡಿದ ದಿನವೇ ಈ ಬರಹ ನನ್ನ ತಲೆಯಲ್ಲಿ ಹುಟ್ಟಿದ್ದು.

ಈ ನಾಲ್ವರು ಒಟ್ಟಿಗೆ ಸಿಗುವುದೇ ಒಂದು ಲೆಕ್ಕಾಚಾರ. ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರಕ್ಕೆ ರಜೆ ಬೀಳುತ್ತದೆ. ನಮ್ಮ ಆಂಧ್ರದಲ್ಲಿ ಮಾರ್ಚ್ ನಡುವಿನಿಂದ ‘ಒಂಟಿಪೂಟ ಬಡಿ’, ಅಂದರೆ ಬೆಳಗಿನ ಶಾಲೆ ಮಾತ್ರ ನಡೆದು, ಏಪ್ರಿಲ್ ಕೊನೆಯ ವಾರಕ್ಕೆ ರಜೆ. ಅಲ್ಲಿ ಮೇ ಮುಗಿಯುವಾಗ ಶಾಲೆ ತೆರೆದರೆ ಇಲ್ಲಿ ಜೂನ್ 12. ಹಾಗಾಗಿ ಗಡಿಯ ಆಚೆ ಈಚೆಯ ಅಣ್ಣತಮ್ಮ, ಅಕ್ಕತಂಗಿಯರಿಗೆ ಕೂಡಿ ಆಡಲು ಸಿಗುವುದು ಮೇ ತಿಂಗಳೊಂದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಸೇರಿದಾಗ ಗೆರೆ ಎಳೆದವರು ಮಕ್ಕಳ ಬೇಸಿಗೆಯನ್ನು ನೆನೆದಿರಲಾರರು. ಗೆರೆ ಮನೆಗಳ ನಡುವೆ ಹಾಯಿತು, ರಜೆಗಳ ನಡುವೆಯೂ ಹಾಯಿತು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಕೊಟ್ಟೂರಿನ ಹುಡುಗನ ಕೈಯಲ್ಲಿ ‘ಕರ್ವಾಲೋ’ ಕಂಡು ಖುಷಿಯಾಗಿ, ಬೇಲಿಗೆ ಮೊಣಕೈ ಊರಿ, “ಹೆಂಗೈತಪ್ಪಾ ಪುಸ್ತಕ?” ಅಂತ ಕೇಳಿಬಿಟ್ಟೆ. ಹುಡುಗ ತಟ್ಟನೆ ಎದ್ದು ನಿಂತ. ಕೈ ಕಟ್ಟಿಕೊಂಡ. “ಚೆನ್ನಾಗಿದೆ ತಾತ. ಇದರಿಂದ ನಾವು ಪರಿಸರವನ್ನು ಸಂರಕ್ಷಿಸಬೇಕು ಎಂದು ತಿಳಿಯುತ್ತದೆ” ಅಂದ. ಅಲ್ಲಿಯವರೆಗೂ “ಐತಿ, ಹೋಗ್ಯಾನ, ಬರ್ತಾನ” ಅನ್ನುತ್ತಿದ್ದ ಬಾಯಿಂದ ಪರೀಕ್ಷೆಯ ಕನ್ನಡ ಬಂತು. ನನಗೆ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಹುಡುಗ ಸುಳ್ಳು ಹೇಳಲಿಲ್ಲ. ದೊಡ್ಡವರು ಪುಸ್ತಕದ ಬಗ್ಗೆ ಕೇಳಿದರೆ ನೀತಿ ಹೇಳಬೇಕು ಅಂತ ಅವನಿಗೆ ಒಂದನೇ ತರಗತಿಯಿಂದ ಕಲಿಸಿದ್ದೇವೆ, ಅವನು ಒಪ್ಪಿಸಿದ.

ಪಕ್ಕದ ಮನೆಯ ತಂಗಿ, ಅಂದರೆ ಅಲ್ಲಿನ ಹುಡುಗಿಯ ಅವ್ವ, ಒಳಗಿಂದ ಇದನ್ನು ಕೇಳಿಸಿಕೊಂಡಿದ್ದಳು. ಮಕ್ಕಳು ಒಳಗೆ ಹೋದ ಮೇಲೆ ಬೇಲಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಣ್ಣಾ, ನೀವು ಕೇಳ್‌ಬ್ಯಾಡ್ರಿ. ಸುಮ್ನೆ ಕೂತ್ಕೊಂಡ್ರೆ ಅವೇ ಮಾತಾಡ್ತಾವ.” ಆ ಮಾತಿಗೆ ನಾನು ಇಡೀ ಬೇಸಿಗೆ ಬದ್ಧನಾದೆ. ಪತ್ರಿಕೆ ಮುಖದ ಮುಂದೆ ಹಿಡಿದು ಕೂರುತ್ತಿದ್ದೆ, ಒಂದು ಅಕ್ಷರ ಓದುತ್ತಿರಲಿಲ್ಲ.

ಮೂರನೇ ದಿನವೋ ನಾಲ್ಕನೇ ದಿನವೋ ‘ರೈಲುಬಡಿ’ಯ ಜಗಳ ಶುರುವಾಯಿತು.

ಎದುರು ಓಣಿಯ ಹುಡುಗ ತನ್ನ ಶಾಲೆಯಿಂದ ತಂದ ತೆಲುಗು ಪುಸ್ತಕ ಹಿಡಿದು ಬಂದಿದ್ದ. “ಏನ್ ಓದಾಕತ್ತೀಯಲೇ?” ಅಂದರೆ “ರೈಲುಬಡಿ” ಅಂದ. ಕೊಟ್ಟೂರಿನವನಿಗೆ ತೆಲುಗು ಅಷ್ಟಕ್ಕಷ್ಟೆ. “ರೈಲನ್ನ ಯಾಕಲೇ ಬಡೀಬೇಕು?” ಅಂತ ಕೇಳಿದ. ಕಟ್ಟೆಯ ಮೇಲೆ ನಗು ಹತ್ತು ನಿಮಿಷ ನಿಲ್ಲಲಿಲ್ಲ. ತೆಲುಗಿನಲ್ಲಿ ಬಡಿ ಅಂದರೆ ಶಾಲೆ. ರೈಲಿನ ಶಾಲೆ ಅಂತ ಅರ್ಥ. ನಗು ನಿಂತ ಮೇಲೆ ಹುಡುಗ ಕತೆ ಹೇಳತೊಡಗಿದ. ಒಬ್ಬಳು ಸಣ್ಣ ಹುಡುಗಿ. ತರಗತಿಯಲ್ಲಿ ಸುಮ್ಮನೆ ಕೂರುವುದಿಲ್ಲ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ. ಶಾಲೆಯಿಂದ ಹೊರಗೆ ಹಾಕುತ್ತಾರೆ. ಆಮೇಲೆ ಅವಳನ್ನು ಸೇರಿಸಿಕೊಳ್ಳುವ ಶಾಲೆಯಲ್ಲಿ ತರಗತಿಗಳು ಅಂದರೆ ಹಳೇ ರೈಲು ಡಬ್ಬಿಗಳು.

ಪಕ್ಕದ ಮನೆಯ ಹುಡುಗಿ ನಡುವೆ ಬಾಯಿ ಹಾಕಿದಳು: “ಗೇಟಿನ ಕಂಬ ಅಂದ್ರೆ ಜೀವಂತ ಗಿಡ ಅಲ್ಲೇನು? ಬೇರು ಇರ್ತಾವ ಅವಕ್ಕ?”

“ನಿಂಗೆಂಗ್ ಗೊತ್ತು?”

“ಅದು ತೊತ್ತೋಚಾನ್! ನಾನು ಓದೀನಿ!”

“ತೊತ್ತೋಚಾನ್ ಹುಡುಗಿ ಹೆಸ್ರು. ಪುಸ್ತಕ ರೈಲುಬಡಿ.”

“ಪುಸ್ತಕದ ಹೆಸ್ರೇ ತೊತ್ತೋಚಾನ್!”

ಇಬ್ಬರೂ ತಮ್ಮ ತಮ್ಮ ಪುಸ್ತಕ ತಂದು ಕಟ್ಟೆಯ ಮೇಲೆ ಪಕ್ಕ ಪಕ್ಕ ಇಟ್ಟರು. ಒಂದು ವಿ. ಗಾಯತ್ರಿ ಅವರು ಕನ್ನಡಕ್ಕೆ ತಂದ ‘ತೊತ್ತೋಚಾನ್’, ಇನ್ನೊಂದು ತೆಲುಗಿನ ‘ರೈಲುಬಡಿ’. ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಜಪಾನಿನಲ್ಲಿ ಹೊರತಂದ ಒಂದೇ ಪುಸ್ತಕ ನಮ್ಮ ಬೀದಿಗೆ ಎರಡು ಹೆಸರು ಹೊತ್ತು ಬಂದಿತ್ತು. ಕನ್ನಡದವರು ಹುಡುಗಿಯ ಹೆಸರನ್ನು ಉಳಿಸಿಕೊಂಡರು, ತೆಲುಗಿನವರು ಶಾಲೆಯನ್ನು ಹಿಡಿದುಕೊಂಡರು. ನನ್ನನ್ನು ಕೇಳಿದರೆ ನಮ್ಮೂರಿಗೆ ‘ರೈಲುಬಡಿ’ಯೇ ಒಂದು ತೂಕ ಹೆಚ್ಚು. ಮದ್ರಾಸು–ಮುಂಬೈ ದಾರಿಯ ರೈಲಿನ ಸದ್ದಿಗೆ ಎದ್ದು, ಆ ಸದ್ದಿಗೇ ಮಲಗುವ ಊರು ಇದು. ಆದರೆ ಇದನ್ನು ನಾನು ಬೇಲಿಯ ಆ ಕಡೆ ಹೇಳಲಿಲ್ಲ, ಪತ್ರಿಕೆಯ ಹಿಂದೆಯೇ ಉಳಿದೆ.

ಆಮೇಲೆ ಬಂದ ಮಾತು ಕೇಳಿ. ಮುಖ್ಯೋಪಾಧ್ಯಾಯರು ಮೊದಲ ದಿನ ಆ ಹುಡುಗಿಯನ್ನು ಎದುರು ಕೂರಿಸಿಕೊಂಡು ಅವಳ ಮಾತನ್ನು ನಾಲ್ಕು ತಾಸು ಕೇಳುತ್ತಾರೆ. ಕೊಟ್ಟೂರಿನವನು ಕೇಳಿದ್ದನ್ನು ನಂಬಲೇ ಇಲ್ಲ. “ಅಂಥಾ ಹೆಡ್‌ಮಾಸ್ತರ್ ಇರಾಕ ಸಾಧ್ಯನ ಇಲ್ಲ. ಇದು ಕತಿ.” ಅವಳು, “ನಿಜವಾಗ್ಲೂ ಇದ್ರು, ಕೊಬಯಾಶಿ ಅಂತ, ಕೊನೀಗೆ ಬರದಾರ” ಅಂದಳು. ಯುದ್ಧದಲ್ಲಿ, 1945ರಲ್ಲಿ, ವಿಮಾನದ ಬಾಂಬಿಗೆ ಆ ಶಾಲೆ ಸುಟ್ಟುಹೋಯಿತು. ಉರಿಯುವ ಶಾಲೆಯ ಎದುರು ನಿಂತು ಕೊಬಯಾಶಿ, ಮುಂದೆ ಎಂಥ ಶಾಲೆ ಕಟ್ಟೋಣ ಅಂತ ಕೇಳುತ್ತಾರಂತೆ. ತೆಲುಗಿನಲ್ಲಿ ಓದಿದ ಹುಡುಗ ಅದಕ್ಕೆ ಹೇಳಿದ: “ನಂಗೆ ಅಲ್ಲಿ ಸಿಟ್ಟು ಬಂತು. ಅತ್ತುಬಿಡ್ಬೇಕಿತ್ತು ಅವ್ರು. ಅಷ್ಟು ಗಟ್ಟಿ ಇರೋದು ನಂಗೆ ಬರಲ್ಲ.” ಇದು ಅಭಿಪ್ರಾಯ ಅಂದರೆ. ಹದಿನಾಲ್ಕು ವರ್ಷದ ಹುಡುಗ, ಜಗತ್ತೆಲ್ಲ ಮೆಚ್ಚಿದ ಒಂದು ಪುಟದ ಎದುರು ನಿಂತು, ನನಗೆ ಹೀಗೆ ಆಗಲಿಲ್ಲ ಅಂತ ಹೇಳಿದ. ಕೇಳುವವರು ಮೂವರೇ ಇದ್ದರು, ಮೂವರೂ ಅವನ ವಯಸ್ಸಿನವರು. ಅದಕ್ಕೇ ಹೇಳಿದ.

ಮಾರನೇ ದಿನ ಪುಸ್ತಕ ಅದಲುಬದಲಾದವು. ಹುಡುಗಿ ತೆಲುಗಿನ ಪುಟ ತೆರೆದು, ಪಕ್ಕದಲ್ಲಿ ಕನ್ನಡದ್ದು ಇಟ್ಟುಕೊಂಡು, ಸಾಲಿಗೆ ಸಾಲು ಹೊಂದಿಸಿ ಓದುತ್ತಿದ್ದಳು. ನೋಡುತ್ತಾ ನನಗೆ ನನ್ನ ‘ಚಂದಮಾಮ’ ನೆನಪಾಯಿತು. ಅದು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಶುರುವಾಗಿ ಸ್ವಲ್ಪದರಲ್ಲೇ ಕನ್ನಡಕ್ಕೂ ಬಂದ ಪತ್ರಿಕೆ. ನಮ್ಮ ಮನೆಗೆ ಕನ್ನಡದ್ದು ಬರುತ್ತಿತ್ತು, ಗೆಳೆಯನ ಮನೆಗೆ ತೆಲುಗಿನದು. ಎರಡರಲ್ಲೂ ಅವೇ ಚಿತ್ರಗಳು. ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮ ಎರಡರಲ್ಲೂ ಅದೇ ಹೆಜ್ಜೆ ಇಡುತ್ತಿದ್ದ. ಚಿತ್ರ ಒಂದೇ ಆದ್ದರಿಂದ ಕೆಳಗಿನ ಮಾತೂ ಒಂದೇ ಇರಬೇಕು ಅಂತ ಗುಟ್ಟು ಹಿಡಿದು, ಒಂದರಿಂದ ಇನ್ನೊಂದನ್ನು ಓದಿಕೊಂಡೆ. ಕನ್ನಡದ ತಲೆಕಟ್ಟು ಅಡ್ಡ ಗೆರೆ, ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿದ್ದು. ಇಷ್ಟು ತಿಳಿದರೆ ಅರ್ಧ ದಾರಿ ಆಯಿತು. ನನಗೆ ತೆಲುಗು ಕಲಿಸಿದ ಮೇಷ್ಟರು ಬೇತಾಳ. ಈಗಿನ ಮಕ್ಕಳಿಗೆ ಆ ಪತ್ರಿಕೆ ಇಲ್ಲ. ಅದರ ಕೆಲಸವನ್ನು ಜಪಾನಿನ ಹುಡುಗಿಯೊಬ್ಬಳು ನಮ್ಮ ಬೇಲಿಯ ಹತ್ತಿರ ಮಾಡಿದಳು.

‘ಕರ್ವಾಲೋ’ದ ವಿಚಾರಣೆ ಎರಡು ಸಂಜೆ ನಡೆಯಿತು. 1980ರ ಪುಸ್ತಕ ಅದು. ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ಕೂತು ಬರೆದದ್ದನ್ನು ಆದೋನಿಯ ಮೇ ತಿಂಗಳಲ್ಲಿ ಓದುವುದೇ ಒಂದು ಅನುಭವ. ಪಕ್ಕದ ಮನೆಯ ಹುಡುಗಿಗೆ ಮೊದಲು ತೊಡರಿದ್ದು ಮಳೆ. “ಪುಟದಾಗೆಲ್ಲ ಮಳಿ. ಜಿಗಣಿ. ಕೆಸರು. ಇಷ್ಟು ನೀರು ಎಲ್ಲಿ ಹೋಗ್ತದ? ನಮಗ ಕೊಡಬಾರ್ದಾ?” ಎಲ್ಲೆಲ್ಸಿ, ಅಂದರೆ ಕೆಳಮಟ್ಟದ ಕಾಲುವೆಯಲ್ಲಿ ತುಂಗಭದ್ರೆ ಬಂದರೆ ಕೊಡ ತುಂಬುವ, ಬಾರದಿದ್ದರೆ ಟ್ಯಾಂಕರಿಗೆ ಕಾಯುವ ಊರಿನ ಹುಡುಗಿಗೆ ಆ ಕಾದಂಬರಿಯ ಮೊದಲ ಅದ್ಭುತ ಹಾರುವ ಓತಿಯಲ್ಲ, ಮಳೆ. ತುಂಗೆಯೂ ಭದ್ರೆಯೂ ಹುಟ್ಟುವುದು ಆ ಮಲೆನಾಡಿನಲ್ಲೇ ಅಂತ ಎದುರು ಓಣಿಯ ಹುಡುಗ ಭೂಗೋಳ ನೆನೆದು ಹೇಳಿದಾಗ ಅವಳು ಪುಸ್ತಕವನ್ನು ಬೇರೆ ಥರ ನೋಡಿದಳು. “ಹಂಗಾದ್ರೆ ಈ ಮಳಿನೇ ನಮ್ಮ ನಳದಾಗ ಬರ್ತದ.” ನನಗೆ ಎದ್ದು ಹೋಗಿ ಅವಳ ತಲೆ ನೇವರಿಸಬೇಕು ಅನ್ನಿಸಿತು. ಯಾವ ವಿಮರ್ಶೆಯಲ್ಲೂ ನಾನು ಕಂಡಿರದ ಮಾತು ಅದು, ನೀರಿಗೆ ಸಾಲು ನಿಂತವರು ಮಾತ್ರ ಆಡುವ ಮಾತು.

ಕೊಟ್ಟೂರಿನವನ ತಕರಾರು ಬೇರೆ. ಅಷ್ಟು ಅಲೆದು, ಅಷ್ಟು ಜನ ಸೇರಿ ಹುಡುಕಿದ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ಹಾರಿಬಿಡುತ್ತದೆ. ಮೋಸ ಆಯಿತು ಅಂತ ಅವನ ವಾದ. “ಒಂದಾದ್ರೂ ಕೈಗೆ ಸಿಗಬೇಕಿತ್ತು.” ಅಲ್ಲಿಯವರೆಗೂ ಬಾಯಿ ಬಿಡದಿದ್ದ ಕೋಸಿಗಿಯ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: “ಸಿಕ್ಕಿದ್ರೆ ಸೀಸೆದಾಗ ಹಾಕ್ತಿದ್ರು. ಹೋಗ್ಲಿ ಬಿಡು.” ಅಷ್ಟೇ. ಅವನು ಆಮೇಲೆ ಆ ವಾದ ತೆಗೆಯಲಿಲ್ಲ.

ನಡುವೆ ಒಂದು ಸಂಜೆ ಪಕ್ಕದ ಮನೆಯ ತಂಗಿಯೂ ಹೆಸರುಬೇಳೆ ಆರಿಸುತ್ತಾ ಕಟ್ಟೆಗೆ ಬಂದು ಕೂತಳು. ಮಕ್ಕಳು, “ನೀನು ನಮ್ಮ ವಯಸ್ಸಿನಾಗ ಏನ್ ಓದಿದ್ದಿ?” ಅಂತ ಗಂಟು ಬಿದ್ದರು. ಅವಳು ಬಳ್ಳಾರಿಯಲ್ಲಿ ಬೆಳೆದವಳು. ತ್ರಿವೇಣಿ ಹೆಸರು ಹೇಳಿದಳು, ಎಂ.ಕೆ. ಇಂದಿರಾ ಹೆಸರು ಹೇಳಿದಳು. ಆಮೇಲೆ ದನಿ ತಗ್ಗಿಸಿ ‘ತುಳಸಿದಳ’ ಅಂದಳು. ಯಂಡಮೂರಿ ವೀರೇಂದ್ರನಾಥರ ಆ ತೆಲುಗು ಕಾದಂಬರಿ ಕನ್ನಡಕ್ಕೆ ಬಂದಾಗ ಎಂಥ ಸುದ್ದಿ ಮಾಡಿತು ಅಂತ ನಮ್ಮ ವಯಸ್ಸಿನವರಿಗೆ ನೆನಪಿದೆ. ಹುಣಸೆ ಮರದ ಕೆಳಗೆ ಹಾಯಲು ಹೆದರಿ, ಕಾಲೇಜಿನಿಂದ ಸುತ್ತು ದಾರಿ ಹಿಡಿದು ಮನೆಗೆ ಬರುತ್ತಿದ್ದೆ ಅಂತ ಅವಳು ಹೇಳಿದಾಗ ಮಕ್ಕಳಿಗೆ ಅವರ ಅತ್ತೆಯ, ಅವ್ವನ ಒಂದು ಹೊಸ ಮುಖ ಕಂಡಿತು. ನಾನು ಪತ್ರಿಕೆ ಕೆಳಗಿಟ್ಟು, “ನಾನು ತೆಲುಗಿನಾಗ ಓದಿದೆನಮ್ಮಾ, ಮೂರು ರಾತ್ರಿ ದೀಪ ಆರಿಸಲಿಲ್ಲ” ಅಂದೆ. ಇಡೀ ತಿಂಗಳಲ್ಲಿ ಪುಸ್ತಕದ ಬಗ್ಗೆ ನಾನು ಅವರ ಕಡೆಗೆ ಆಡಿದ ಎರಡನೇ ಮಾತು ಅದು. ಈ ಸಲ ಯಾರೂ ಎದ್ದು ಕೈ ಕಟ್ಟಲಿಲ್ಲ. ಹೆದರಿಕೆಯನ್ನು ಒಪ್ಪಿಕೊಂಡವನ ಎದುರು ಮಕ್ಕಳು ನೀತಿ ಒಪ್ಪಿಸುವುದಿಲ್ಲ.

ಕುಂವೀ ಅವರ ಮೇಲಿನ ಹಕ್ಕಿನ ಜಗಳ ಇನ್ನೂ ತೀರಿಲ್ಲ. ಕೊಟ್ಟೂರಿನ ಹುಡುಗ ಎದೆ ಉಬ್ಬಿಸಿ, “ಕುಂ. ವೀರಭದ್ರಪ್ಪ ನಮ್ಮೂರಿನವ್ರು” ಅಂದ. ನಮ್ಮ ಹುಡುಗಿ ಬಿಟ್ಟಾಳೆಯೇ? “ಹುಟ್ಟಿದ್ದು ನಿಮ್ಮೂರಾಗ ಇರಬೌದು. ಮಾಸ್ತರಾಗಿ ಪಾಠ ಹೇಳಿದ್ದು ನಮ್ಮ ಕಡೆ. ಕತಿ ಸಿಕ್ಕಿದ್ದೂ ನಮ್ಮ ಕಡೆ.” ಇಬ್ಬರ ಮಾತೂ ಸರಿ. ವಾಗಿಲಿ, ಗೂಳ್ಯಂ ಅಂತ ಈ ಗಡಿಯ ಹಳ್ಳಿಗಳಲ್ಲಿ ಅವರು ಬಹಳ ವರ್ಷ ಕನ್ನಡ ಶಾಲೆಯ ಮಾಸ್ತರಾಗಿದ್ದರು. ಮಕ್ಕಳಿಗೆ ಗೊತ್ತಿರದ ಇನ್ನೊಂದು ಸಂಗತಿ ನನ್ನ ನಾಲಿಗೆಯ ತುದಿಯಲ್ಲಿತ್ತು: ಅವರು ಹುಟ್ಟಿದ ದಿನ 1953ರ ಅಕ್ಟೋಬರ್ 1. ನಮ್ಮ ತಾಲ್ಲೂಕು ಬಳ್ಳಾರಿಯಿಂದ ಕಳಚಿಕೊಂಡು ಹೊಸ ರಾಜ್ಯಕ್ಕೆ ಹೋದ ಅದೇ ದಿನ. ಗೆರೆ ಬಿದ್ದ ದಿನ ಹುಟ್ಟಿದ ಮಗು ಮುಂದೆ ಆ ಗೆರೆ ದಾಟಿ ಬಂದು ಈ ಕಡೆಯ ಮಕ್ಕಳಿಗೆ ಅಕ್ಷರ ಕಲಿಸಿತು. ಇದನ್ನು ಯಾರಾದರೂ ಕತೆಯಲ್ಲಿ ಬರೆದಿದ್ದರೆ, ತೀರಾ ಹೊಂದಿಸಿ ಬರೆದಿದ್ದಾರೆ ಅನ್ನುತ್ತಿದ್ದೆವು.

ಕೊಟ್ಟೂರಿನ ಹುಡುಗ ಮೊದಲು ಅವರ ‘ಅರಮನೆ’ಗೇ ಕೈ ಹಾಕಿದ್ದನಂತೆ, 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಪುಸ್ತಕ. ಇಪ್ಪತ್ತು ಪುಟಕ್ಕೆ ಸೋತ. “ವಾಕ್ಯ ಮುಗಿಯೋದೇ ಇಲ್ಲ, ಉಸಿರು ಕಟ್ತದ” ಅಂದ. ಅದರಲ್ಲಿ ಥಾಮಸ್ ಮನ್ರೋ ಬರುತ್ತಾನೆ ಅಂತ ಮಾತ್ರ ಅವನಿಗೆ ನೆನಪು. ಮನ್ರೋ ಸತ್ತದ್ದು ನಮ್ಮ ಪಕ್ಕದ ಪತ್ತಿಕೊಂಡದಲ್ಲಿ, 1827ರಲ್ಲಿ, ಕಾಲರಾದಿಂದ. ಮಂತ್ರಾಲಯದ ಮಠದ ಜೊತೆಗೂ ಅವನ ಹೆಸರು ಸೇರಿದ ಕತೆ ಈ ಕಡೆ ಮನೆಮನೆಯಲ್ಲಿದೆ. ಈ ಊರಿನ ಮಕ್ಕಳಿಗೆ ಆ ಪುಸ್ತಕ ಒಂದು ದಿನ ತಾನಾಗಿ ತೆರೆದುಕೊಳ್ಳುತ್ತದೆ. ಹದಿನೈದಕ್ಕೆ ಸೋತರೆ ಇಪ್ಪತ್ತೈದಕ್ಕೆ ಗೆಲ್ಲುತ್ತಾರೆ. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಮಕ್ಕಳಿಗೆ ನಾಚಿಕೆ ಕಲಿಸಬಾರದು. ಅವನು ‘ಅರಮನೆ’ ಬಿಟ್ಟು ಅವರ ಆತ್ಮಕತೆ ‘ಗಾಂಧಿ ಕ್ಲಾಸು’ ಹಿಡಿದ, ಎರಡು ದಿನದಲ್ಲಿ ಮುಗಿಸಿದ. ಗಾಂಧಿ ಕ್ಲಾಸು ಅಂದರೆ ಏನು ಅಂತ ನಾಲ್ವರಿಗೂ ತಿಳಿಯದು. ಟೂರಿಂಗ್ ಟಾಕೀಸಿನಲ್ಲಿ ಪರದೆಯ ಮುಂದಿನ ನೆಲ, ಎಲ್ಲಕ್ಕಿಂತ ಕಡಿಮೆ ಟಿಕೆಟ್ಟಿನ ಜಾಗ, ಕೂತರೆ ಕತ್ತು ಎತ್ತಿಯೇ ನೋಡಬೇಕು ಅಂತ ತಂಗಿ ವಿವರಿಸಿದಳು. ಆಮೇಲೆ ಎಲ್ಲರೂ ಸೇರಿ ಒಂದೇ ಫೋನಿನಲ್ಲಿ ಅವರ ಕತೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ 1994ರ ‘ಕೊಟ್ರೇಶಿ ಕನಸು’ ನೋಡಿದರು. ಕತ್ತು ಬಗ್ಗಿಸಿ.

ಇನ್ನು ಕೋಸಿಗಿಯ ಹುಡುಗಿ.

ನಮ್ಮ ಪಶ್ಚಿಮದ ಮಂಡಲಗಳನ್ನು, ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದಕಡಬೂರುಗಳನ್ನು ಬಲ್ಲವರಿಗೆ ‘ಸುಗ್ಗಿಗೆ ಹೋಗುವುದು’ ಅಂದರೆ ಗೊತ್ತು. ನಮ್ಮ ಹೊಲದ ಸುಗ್ಗಿಯಲ್ಲ. ಇಲ್ಲಿ ಮಳೆ ಕೈಕೊಟ್ಟರೆ, ಹತ್ತಿ ಒಣಗಿದರೆ, ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಸಂಸಾರಕ್ಕೆ ಸಂಸಾರ ಗಂಟುಮೂಟೆ ಕಟ್ಟುತ್ತದೆ. ಮನೆಗೆ ಬೀಗ, ಮುದುಕರಿಗೆ ಊರು ಕಾಯುವ ಕೆಲಸ, ಮಕ್ಕಳಿಗೆ ಶಾಲೆ ತ‍ಪ್ಪುತ್ತದೆ. ಬೇಸಿಗೆ ಬಲಿತಾಗ ವಾಪಸು. ಒಂದು ವರ್ಷ ಈ ಹುಡುಗಿಯೂ ತಮ್ಮನನ್ನು ನೋಡಿಕೊಳ್ಳಲು ಹೋಗಿದ್ದಳಂತೆ. ಆಮೇಲೆ ಚಿಗವ್ವ ಹಟ ಹಿಡಿದು ಆದೋನಿಯಲ್ಲಿ ಉಳಿಸಿಕೊಂಡಳು.

ಅವಳ ಹತ್ತಿರ ಇದ್ದದ್ದು ಒಂದೇ ಪುಸ್ತಕ, ಕಾರಂತರ ‘ಚೋಮನ ದುಡಿ’. ಕನ್ನಡ ಮೇಷ್ಟರು ರಜೆಗೆ ಅಂತ ಕೊಟ್ಟು ಕಳಿಸಿದ್ದು. 1933ರಲ್ಲಿ, ಕರಾವಳಿಯ ಪುತ್ತೂರಿನ ಕಡೆಯ ಬದುಕನ್ನು ನೋಡಿ ಬರೆದದ್ದು. ಉಳಿದವರು ದಿನಾ ಒಂದೊಂದು ಪುಸ್ತಕ ಬದಲಿಸಿದರೆ ಅವಳು ಅದೊಂದನ್ನೇ ಹಿಡಿದು ಬರುತ್ತಿದ್ದಳು. ಒಂದು ಸಂಜೆ ಕೊಟ್ಟೂರಿನವನು ಕೇಳಿದ: “ಇನ್ನಾ ಮುಗಿದಿಲ್ಲೇನು? ಸಣ್ಣ ಪುಸ್ತಕ ಅಲ್ಲಾ?”

“ಮುಗಿದು ಹದಿನೈದು ದಿನ ಆತು. ತಿರಗಾ ಓದಾಕತ್ತೀನಿ.”

“ಯಾಕ?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಸಾಲ ತೀರ್ಸಾಕ ಚೋಮ ಮಕ್ಕಳನ್ನ ಕಾಫಿ ತೋಟಕ್ಕ ಕಳಸ್ತಾನ. ಒಬ್ಬ ಜ್ವರ ಬಂದು ಸಾಯ್ತಾನ. ನಮ್ಮೂರಾಗೂ ಮುಂಗಡ ತಗೊಂಡು ಹೋಗ್ತಾರ, ಸುಗ್ಗಿಗೆ. ನಾನು ಓದೋವಾಗ ಅಪ್ಪ ಗುಂಟೂರಾಗ ಇದ್ದ. ಕೊನಿ ಪುಟಕ್ಕ ಬಂದು ಪುಸ್ತಕ ಮುಚ್ಚಿಟ್ಟೆ. ಅಪ್ಪ ಊರಿಗೆ ಬಂದ ಮ್ಯಾಲೆ ಓದಿದೆ.”

ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ. ಪತ್ರಿಕೆಯ ಹಿಂದೆ ನನ್ನ ಕಣ್ಣಿಗೆ ಅಕ್ಷರ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಮುಂದುವರಿಸಿದಳು: “ನಂಗೆ ಒಂದು ತಿಳೀಲಿಲ್ಲ. ಚೋಮಗ ಬೇಸಾಯ ಮಾಡೋ ಆಸಿ. ನಮಗ ಹೊಲ ಐತಿ, ನೀರಿಲ್ಲ. ಅವ್ನಿಗೆ ನೀರೈತಿ, ಹೊಲ ಕೊಡಲ್ಲ. ಎರಡೂ ಇರೋರು ಎಲ್ಲಿರ್ತಾರ?”

ನಾನು ಐವತ್ತು ವರ್ಷದಿಂದ ಆ ಕಾದಂಬರಿಯ ಮೇಲೆ ಬಂದ ಲೇಖನಗಳನ್ನು ಓದಿದ್ದೇನೆ, ಬಿ.ವಿ. ಕಾರಂತರ ಸಿನಿಮಾ ನೋಡಿದ್ದೇನೆ. ಚೋಮನಿಗೆ ನೆಲ ಸಿಗದೇ ಹೋದದ್ದು ಅವನು ಹುಟ್ಟಿದ ಜಾತಿಗಾಗಿ, ಅದನ್ನು ಮರೆಯುವಂತಿಲ್ಲ, ಹುಡುಗಿಯೂ ಮರೆತಿರಲಿಲ್ಲ. ‘ಕೊಡಲ್ಲ’ ಅನ್ನುವ ಒಂದೇ ಪದದಲ್ಲಿ ಅವಳು ಅದನ್ನು ಇಟ್ಟಿದ್ದಳು. ಆದರೆ ಕರಾವಳಿಯ ಮಳೆಯನ್ನೂ ಕೋಸಿಗಿಯ ಬರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದವರನ್ನು ನಾನು ಕಂಡಿದ್ದು ಇದೇ ಮೊದಲು. ಆ ಸಂಜೆ ಅವಳನ್ನು ನಾನೇ ಕರೆದು, “ಈ ಪುಸ್ತಕದಿಂದ ಏನು ಕಲಿತೆ ಮಗಳೇ?” ಅಂತ ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ ನೆನೆದರೆ ಭಯವಾಗುತ್ತದೆ. ಅಸ್ಪೃಶ್ಯತೆ ತೊಲಗಬೇಕು ಅಂತ ಗ್ರಂಥದ ಕನ್ನಡದಲ್ಲಿ ಒಂದು ಸಾಲು ಒಪ್ಪಿಸಿ, ತನ್ನ ಅಪ್ಪನನ್ನು ಎದೆಯಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದಳು.

ಮಕ್ಕಳು ಓದುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ. ಓದಿದ್ದನ್ನು ತಮ್ಮ ವಯಸ್ಸಿನವರ ಹತ್ತಿರ, ತಮ್ಮ ಮಾತಿನಲ್ಲಿ, ಅಂಕದ ಭಯವಿಲ್ಲದೆ ಆಡಲು ಅವರಿಗೆ ಒಂದು ಕಟ್ಟೆ ಬೇಕು. ಕಟ್ಟೆ ನಮ್ಮಲ್ಲಿದೆ. ಪುಸ್ತಕ ಎಲ್ಲಿದೆ?

ಆಂಧ್ರದವರಿಗೆ ಗ್ರಂಥಾಲಯ ಹೊಸದಲ್ಲ. 1914ರಲ್ಲೇ ವಿಜಯವಾಡದಲ್ಲಿ ಗ್ರಂಥಾಲಯ ಸಂಘ ಕಟ್ಟಿದ ನಾಡು ಇದು. ಆ ಚಳವಳಿಯ ಹಿರಿಯರಲ್ಲಿ ಒಬ್ಬರಾದ ಗಾಡಿಚರ್ಲ ಹರಿಸರ್ವೋತ್ತಮರಾಯರು ನಮ್ಮ ಕರ್ನೂಲಿನಲ್ಲೇ ಹುಟ್ಟಿದವರು. ಇವತ್ತಿಗೂ ಮನೆ ತೆರಿಗೆಯ ರೂಪಾಯಿಗೆ 8 ಪೈಸೆಯಂತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಕನ್ನಡದ ಮನೆಗಳೂ ಕಟ್ಟುತ್ತವೆ. ಆದರೆ ನಾನು ಹೋಗಿ ಕೂರುವ ಒಂದು ವಾಚನಾಲಯದಲ್ಲಿ ಕನ್ನಡಕ್ಕೆ ಸಿಕ್ಕಿರುವುದು ಒಂದು ಬೀರುವಿನ ಅರ್ಧ ಖಾನೆ. ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಬಿಡುವ ರಾಜ್ಯ ಇದು, ಅದು ದೊಡ್ಡ ಮನಸ್ಸು. ಪಠ್ಯಪುಸ್ತಕ ಮುಗಿದ ಮೇಲೆ ಓದಲು ಕೈಗೆ ಸಿಗುವ ಇನ್ನೊಂದು ಕನ್ನಡ ಪುಸ್ತಕ ಬಳ್ಳಾರಿಯ ಅಂಗಡಿಯಲ್ಲಿರುತ್ತದೆ. ಅಲ್ಲಿಗೆ ಹೋಗಿಬರುವ ಬಸ್ ಚಾರ್ಜಿನ ಮೇಲೆ ಪುಸ್ತಕದ ಬೆಲೆ. ಕೋಸಿಗಿಯ ಹುಡುಗಿ ಎಲ್ಲಿಂದ ತಂದಾಳು?

ಒಂದು ಪುಸ್ತಕದಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಮ್ಮ ಬಳ್ಳಾರಿ ಸೀಮೆಯ ಬೀchi ಅವರ ಕತೆಯೇ ಉತ್ತರ. ಕನ್ನಡದ ಮೇಲೆ ಪ್ರೀತಿಯಿಲ್ಲದೆ ಓಡಾಡಿಕೊಂಡಿದ್ದ ರಾಯಸಂ ಭೀಮಸೇನರಾಯರನ್ನು ಅನಕೃ ಅವರ ‘ಸಂಧ್ಯಾರಾಗ’ ಎಂಬ ಒಂದು ಕಾದಂಬರಿ ಹಿಡಿದು ನಿಲ್ಲಿಸಿತು. ಅದು ಅವರ ಕೈಗೆ ಸಿಗದೇ ಹೋಗಿದ್ದರೆ ಕನ್ನಡಕ್ಕೆ ತಿಂಮ ಇರುತ್ತಿರಲಿಲ್ಲ.

ಮೇ ಕೊನೆಯ ವಾರ ಕೊಟ್ಟೂರಿನ ಹುಡುಗ ಹೊರಟ. ಅವನ ‘ಕರ್ವಾಲೋ’ ಕೋಸಿಗಿಯ ಹುಡುಗಿಗೆ ಬಂತು, ‘ಗಾಂಧಿ ಕ್ಲಾಸು’ ಇಲ್ಲೇ ಉಳಿಯಿತು. ನಮ್ಮ ಹುಡುಗಿ ಅವನಿಗೆ ತನ್ನ ‘ತೊತ್ತೋಚಾನ್’ ಕೊಟ್ಟು ಕಳಿಸಿದಳು, ಅವಳು ಈಗ ‘ರೈಲುಬಡಿ’ಯ ಅರ್ಧಕ್ಕೆ ಬಂದಿದ್ದಾಳೆ. ಎದುರು ಓಣಿಯ ಹುಡುಗ ಬಂಡೆಯ ಸಂದಿನಲ್ಲಿ ಕೈ ತೂರಿಸಿ ನನ್ನನ್ನೇ ಕೇಳಿದ: “ತಾತ, ನಿಮ್ಮನ್ಯಾಗ ತೇಜಸ್ವಿ ಅವ್ರದು ಬ್ಯಾರೇ ಏನಾದ್ರೂ ಐತ್ರೀ? ಕನ್ನಡದಾಗ ಓದಾಕ ನೋಡ್ತೀನಿ.” ‘ಪರಿಸರದ ಕತೆ’ ಕೊಟ್ಟೆ. ಹೇಗಿದೆ ಅಂತ ಕೇಳಲಿಲ್ಲ.

ಓದುಗರಲ್ಲಿ ಒಂದು ಮಾತು ಕೇಳಿಕೊಳ್ಳಬೇಕಾಗಿದೆ. ನೀವು ಶ್ರಾವಣದಲ್ಲಿ ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಬರುತ್ತೀರಿ. ಉರುಕುಂದಿ ಈರಣ್ಣನ ದರ್ಶನಕ್ಕೆ ಬಸ್ಸು, ಟ್ರ್ಯಾಕ್ಟರು ಮಾಡಿಕೊಂಡು ಸಾವಿರಾರು ಜನ ಬರುತ್ತೀರಿ. ಆ ಹೊತ್ತಿಗೆ ನಮ್ಮ ಶಾಲೆಗಳು ತೆರೆದಿರುತ್ತವೆ. ಬರುವ ದಾರಿಯಲ್ಲಿ, ಆದೋನಿ, ಕೌತಾಳಂ, ಕೋಸಿಗಿ, ಆಲೂರುಗಳ ಸುತ್ತ, ಕನ್ನಡದ ಬೋರ್ಡು ಹೊತ್ತ ಶಾಲೆ ಕಂಡರೆ ಒಂದು ನಿಮಿಷ ಗಾಡಿ ನಿಲ್ಲಿಸಿ. ಬುತ್ತಿಯ ಜೊತೆ ನಿಮ್ಮ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಒಂದು ಕನ್ನಡ ಪುಸ್ತಕ ಚೀಲದಲ್ಲಿರಲಿ, ಅದನ್ನು ಅಲ್ಲಿ ಕೊಟ್ಟು ಬನ್ನಿ. ಹಳೆಯದಾದರೂ ಸರಿ, ರಟ್ಟು ಹರಿದಿದ್ದರೂ ಸರಿ. ಪಕ್ಕದ ಮನೆಯ ಹುಡುಗಿ ಸದ್ಯಕ್ಕೆ ಹುಡುಕುತ್ತಿರುವುದು ‘ಜುಗಾರಿ ಕ್ರಾಸ್’. ಕೋಸಿಗಿಯ ಹುಡುಗಿ ಕಾರಂತರದ್ದು ಇನ್ನೊಂದು ಬೇಕು ಅಂದಿದ್ದಾಳೆ, ‘ಬೆಟ್ಟದ ಜೀವ’ ಆದರೂ ಆದೀತು.